ಎದ್ದು ಹೋಗಲು ದಾರಿ ಇರಲಿ: ಮನೆಯೊಳಗಿನ ಬೆಕ್ಕು, ನಾಯಿ, ಗಿಡಗಳ ಸ್ನೇಹ

ಕೋಲ್ಕತ್ತದ ದುರ್ಗಾಪೂಜೆಯ ಪೆಂಡಾಲಿಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಈ ಪ್ರಶ್ನೆ ಹೊಸದಲ್ಲ: "ಅಮ್ಮಾ, ಸಿಂಹ ಪಕ್ಕದಲ್ಲೇ ಇದ್ರೂ ನವಿಲಿಗೆ ಹೆದರಿಕೆ ಆಗಲ್ವಾ? ಗೂಬೆ ಆ ಇಲೀನ ತಿನ್ನಲ್ವಾ?" ಕೇಳುವುದರಲ್ಲಿ ತಪ್ಪಿಲ್ಲ. ದುರ್ಗೆಯ ಸಿಂಹ, ಕಾರ್ತಿಕೇಯನ ನವಿಲು, ಗಣೇಶನ ಇಲಿ, ಲಕ್ಷ್ಮಿಯ ಗೂಬೆ, ಸರಸ್ವತಿಯ ಹಂಸ, ಎಲ್ಲವೂ ಅಲ್ಲಿ ಒಟ್ಟಿಗೇ ಇರುತ್ತವೆ. ಗಣೇಶನ ಪಕ್ಕದಲ್ಲಿ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಒಂದು ಬಾಳೆಗಿಡವೂ ನಿಂತಿರುತ್ತದೆ. ಬಂಗಾಳಿಗಳು ಅದನ್ನು 'ಕೊಲಾ ಬೌ' ಎನ್ನುತ್ತಾರೆ. ಬಾಳೆಯ ಜೊತೆ ಕೆಸು, ಅರಿಶಿನ, ಬಿಲ್ವ, ದಾಳಿಂಬೆ, ಅಶೋಕ, ಭತ್ತ ಮುಂತಾದವು ಸೇರಿ ಒಂಬತ್ತು ಸಸ್ಯಗಳನ್ನು ಕಟ್ಟಿದ ನವಪತ್ರಿಕೆ ಅದು. ಪ್ರಾಣಿ, ಪಕ್ಷಿ, ಗಿಡ, ಮಕ್ಕಳು, ತಾಯಿ ಎಲ್ಲರೂ ಇರುವ ತುಂಬು ಸಂಸಾರ.

ವಿಗ್ರಹದಲ್ಲಿ ಯಾರಿಗೂ ಹಸಿವಾಗುವುದಿಲ್ಲ, ಯಾರೂ ಹೆದರುವುದಿಲ್ಲ. ಮನೆಯಲ್ಲಿ ಎರಡೂ ಆಗುತ್ತದೆ. ಪೂಜೆಯ ರಜೆ ಮುಗಿಯುವಷ್ಟರಲ್ಲಿ "ನಮ್ಮ ಬೆಕ್ಕಿಗೆ ಒಂದು ನಾಯಿಮರಿ ಫ್ರೆಂಡ್ ತರೋಣ" ಎಂಬ ಬೇಡಿಕೆ ಶುರುವಾಗುತ್ತದೆ. ಬೆಕ್ಕು ಗಿಳಿಯ ತಲೆ ನೆಕ್ಕುವ, ನಾಯಿಯ ಬೆನ್ನ ಮೇಲೆ ಕೋಳಿಮರಿ ಮಲಗುವ ವಿಡಿಯೊಗಳನ್ನು ಮಕ್ಕಳು ದಿನವೂ ಮೊಬೈಲಿನಲ್ಲಿ ನೋಡುತ್ತಾರೆ. ಅಂಥ ಸ್ನೇಹಗಳು ನಿಜವಾಗಿಯೂ ಆಗುತ್ತವೆ. ಆದರೆ ಅವು ತಾವಾಗಿ ಆಗುವುದು ಅಪರೂಪ. ಆಗಲು ಬೇಕಾದ ಏರ್ಪಾಟನ್ನು ದೊಡ್ಡವರು ಮಾಡಬೇಕಾಗುತ್ತದೆ.

ಆ ಏರ್ಪಾಟಿಗೆ ನಾನು ಹಿಡಿದುಕೊಂಡಿರುವ ಅಳತೆಗೋಲು ಒಂದೇ. ಎದ್ದು ಹೋಗಬಲ್ಲ ಜೀವ ಎದ್ದು ಹೋಗದೆ ಪಕ್ಕದಲ್ಲೇ ಉಳಿದರೆ ಅದು ಸ್ನೇಹ. ಹೋಗಲು ದಾರಿಯಿಲ್ಲದೆ ಉಳಿದರೆ ಅದು ಬರಿಯ ಸಹನೆ, ಎಷ್ಟೋ ಸಲ ಭಯ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗುರುತಿಸಲು ಕಲಿತ ಮಗುವಿಗೆ ಪ್ರಾಣಿಗಳಿಂದ ಅಪಾಯ ಕಡಿಮೆ, ಪ್ರಾಣಿಗಳಿಗೂ ಆ ಮಗುವಿನಿಂದ ಅಪಾಯ ಕಡಿಮೆ.

ಬೆಕ್ಕು ಮತ್ತು ನಾಯಿ: ಯಾರು ಮೊದಲು, ಯಾವಾಗ

ಬೆಕ್ಕಿಗೂ ನಾಯಿಗೂ ಹುಟ್ಟುದ್ವೇಷವೇನಿಲ್ಲ. ಮರಿಗಳ ಜೀವನದಲ್ಲಿ ಒಂದು ಎಳೆಯ ಕಾಲವಿದೆ. ಆಗ ಯಾರ ಜೊತೆ ನಿರ್ಭಯವಾಗಿ ಬೆಳೆಯುತ್ತವೆಯೋ ಅವರನ್ನು ಬಾಳಿಡೀ ತಮ್ಮವರೆಂದು ಎಣಿಸುತ್ತವೆ. ಬೆಕ್ಕಿನ ಮರಿಗೆ ಅದು ಸುಮಾರು ಎರಡರಿಂದ ಏಳು ವಾರ, ನಾಯಿಮರಿಗೆ ಮೂರರಿಂದ ಹನ್ನೆರಡು ಹದಿನಾಲ್ಕು ವಾರ.

ಚೀನಾದ ವಿಜ್ಞಾನಿ ಜಿಂಗ್ ಯಾಂಗ್ ಕುವೊ 1930ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಬೆಕ್ಕಿನ ಮರಿಗಳನ್ನು ಇಲಿಗಳ ಜೊತೆ ಒಂದೇ ಗೂಡಿನಲ್ಲಿ ಬೆಳೆಸಿದರು. ಬೆಳೆದ ಮೇಲೂ ಅವು ಜೊತೆಗಿದ್ದ ಇಲಿಯನ್ನು ಕೊಲ್ಲಲಿಲ್ಲ. ತಾಯಿ ಇಲಿ ಹಿಡಿಯುವುದನ್ನು ನೋಡುತ್ತಾ ಬೆಳೆದ ಮರಿಗಳು ಹೆಚ್ಚಿನವು ಇಲಿ ಹಿಡಿದವು. ಪೋಷಕರು ಗಮನಿಸಬೇಕಾದ ಸೂಕ್ಷ್ಮ ಇನ್ನೊಂದಿದೆ: ಇಲಿಯ ಜೊತೆ ಬೆಳೆದ ಬೆಕ್ಕುಗಳಲ್ಲೂ ಕೆಲವು ಪರಿಚಯವಿಲ್ಲದ ಬೇರೆ ಇಲಿಗಳನ್ನು ಬಿಡಲಿಲ್ಲ. ಅಂದರೆ ಸ್ನೇಹ ಆಗುವುದು ಆ ಒಂದು ಜೀವದೊಂದಿಗೆ, ಅದರ ಕುಲದೊಂದಿಗಲ್ಲ. ನಿಮ್ಮ ನಾಯಿ ಮನೆಯ ಬೆಕ್ಕಿನ ಪಕ್ಕ ಮಲಗುತ್ತದೆ ಎಂದ ಮಾತ್ರಕ್ಕೆ ಬೀದಿಯ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ ಎಂದೇನೂ ಇಲ್ಲ.

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ನಾಯಿ, ಬೆಕ್ಕು ಎರಡೂ ಇರುವ ಮನೆಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಫಲಿತಾಂಶವೂ ಮನೆಬಳಕೆಗೆ ಬರುವಂಥದ್ದು. ಬೆಕ್ಕು ಮೊದಲು ಮನೆಗೆ ಬಂದು ನಾಯಿ ಆಮೇಲೆ ಬಂದರೆ ಹೊಂದಾಣಿಕೆ ಸುಲಭ. ಬೆಕ್ಕಿಗೆ ಆರು ತಿಂಗಳು, ನಾಯಿಗೆ ಒಂದು ವರ್ಷ ತುಂಬುವ ಮೊದಲೇ ಪರಿಚಯವಾದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಹೊಂದಿಕೊಂಡ ಜೋಡಿಗಳು ಒಂದರ ಭಾಷೆಯನ್ನು ಇನ್ನೊಂದು ಕಲಿತಿದ್ದೂ ಅಲ್ಲಿ ಕಂಡುಬಂತು. ನಾಯಿ ಬಾಲ ಆಡಿಸಿದರೆ ಸಾಮಾನ್ಯವಾಗಿ ಖುಷಿ. ಬೆಕ್ಕು ಬಾಲವನ್ನು ಅತ್ತಿತ್ತ ಬಡಿದರೆ ಕಿರಿಕಿರಿ. ಬೆಕ್ಕು ಖುಷಿಯಲ್ಲಿದ್ದರೆ ಬಾಲವನ್ನು ನೆಟ್ಟಗೆ ಮೇಲೆತ್ತಿ ಬರುತ್ತದೆ. ಈ ವ್ಯತ್ಯಾಸವನ್ನು ಪ್ರಾಣಿಗಳೇ ಕಲಿಯುತ್ತವೆ ಎಂದ ಮೇಲೆ ಆರು ವರ್ಷದ ಮಗುವಿಗೆ ಕಲಿಸುವುದೇನೂ ಕಷ್ಟವಲ್ಲ.

ಎರಡು ಕೋಣೆಯ ಫ್ಲಾಟಿನಲ್ಲಿ ಪರಿಚಯ ಮಾಡಿಸುವ ಕ್ರಮ ಹೀಗಿರಲಿ. ಹೊಸದಾಗಿ ಬಂದ ಪ್ರಾಣಿಗೆ ಬಾಗಿಲು ಹಾಕಿಕೊಳ್ಳುವ ಪ್ರತ್ಯೇಕ ಕೋಣೆ ಕೊಡಿ. ಮೊದಲ ಕೆಲವು ದಿನ ಅವು ಪರಸ್ಪರ ನೋಡುವುದೇ ಬೇಡ. ಒಂದು ಮಲಗಿದ ಬಟ್ಟೆಯನ್ನು ಇನ್ನೊಂದರ ಬಳಿ ಇಡಿ. ಮುಖಕ್ಕಿಂತ ಮೊದಲು ವಾಸನೆ ಪರಿಚಯವಾಗಲಿ. ಆಮೇಲೆ ಮುಚ್ಚಿದ ಬಾಗಿಲಿನ ಆಚೆಗೊಂದು, ಈಚೆಗೊಂದು ತಟ್ಟೆ ಇಟ್ಟು ಊಟ ಹಾಕಿ. ಎರಡೂ ನೆಮ್ಮದಿಯಾಗಿ ತಿನ್ನತೊಡಗಿದ ಮೇಲೆ ನಾಯಿಗೆ ಬೆಲ್ಟು ಹಾಕಿ, ಬೆಕ್ಕನ್ನು ಅದರ ಪಾಡಿಗೆ ಬಿಟ್ಟು, ಕೆಲವು ನಿಮಿಷ ಒಂದೇ ಕೋಣೆಯಲ್ಲಿರಿಸಿ. ಬೆಕ್ಕನ್ನು ಎತ್ತಿಕೊಂಡು ಹೋಗಿ ನಾಯಿಯ ಮೂಗಿಗೆ ಹಿಡಿಯುವುದು ಎಲ್ಲ ಮನೆಗಳಲ್ಲೂ ನಡೆಯುವ ತಪ್ಪು. ಎತ್ತಿಕೊಂಡ ಬೆಕ್ಕಿಗೆ ಓಡಲು ದಾರಿಯಿಲ್ಲ. ಅದು ಪರಚುವುದು ನಿಮ್ಮ ತೋಳನ್ನೇ.

ಬೆಕ್ಕಿಗೆ ಎತ್ತರ ಬೇಕು. ಬೀರುವಿನ ಮೇಲ್ಭಾಗ, ಕಿಟಕಿಯ ಕಟ್ಟೆ, ಗೋಡೆಗೆ ಹೊಡೆದ ಒಂದು ಹಲಗೆ ಸಾಕು. ಊಟದ ಬಟ್ಟಲು, ಮಲದ ಮರಳಿನ ತಟ್ಟೆ ನಾಯಿಗೆ ಎಟುಕದ ಕಡೆ ಇರಲಿ. ನಾಯಿ ಬೊಗಳಿದರೆ ಗಾಬರಿಯಾಗಬೇಡಿ. ಅದು ಮೈ ಸೆಟೆದು, ಸದ್ದಿಲ್ಲದೆ, ಕಣ್ಣು ಕೀಳದೆ ಬೆಕ್ಕನ್ನು ನೋಡುತ್ತಿದ್ದರೆ ಆಗ ಎಚ್ಚರ. ನಾಯಿಯನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗಿ. ಇದಕ್ಕೆಲ್ಲ ಕೆಲವರಿಗೆ ಒಂದು ವಾರ, ಕೆಲವರಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೊನೆಗೂ ಗೆಳೆಯರಾಗದೆ, ಒಂದನ್ನೊಂದು ಲೆಕ್ಕಿಸದೆ ಒಂದೇ ಮನೆಯಲ್ಲಿ ಬಾಳಿದರೆ ಅದೂ ಯಶಸ್ಸೇ.

ಕಾಳಿಪೂಜೆಯ ಪಟಾಕಿ ರಾತ್ರಿಗಳಲ್ಲಿ, ಬೇಸಿಗೆಯ ಕಾಲಬೈಶಾಖಿಯ ಗುಡುಗು ಸಿಡಿಲಿನಲ್ಲಿ ಹಳೆಯ ಗೆಳೆಯರನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಬೆದರಿದ ಬೆಕ್ಕು ಎದುರಿಗೆ ಯಾರಿದ್ದಾರೋ ಅವರ ಮೇಲೆರಗುವುದುಂಟು. ಶಬ್ದ ಮಾಡಿದ್ದು ಪಟಾಕಿ, ಏಟು ತಿಂದದ್ದು ನಾಯಿ. ಆ ಒಂದು ರಾತ್ರಿಯಿಂದ ಎರಡು ವರ್ಷದ ಸ್ನೇಹ ಮುರಿದುಬೀಳಬಹುದು.

ಮಗುವಿನ ಕೈ

ಮನೆಯ ಪ್ರಾಣಿಗಳಿಗೆ ಅತ್ಯಂತ ಅನಿರೀಕ್ಷಿತ ಗೆಳೆಯ ಎಂದರೆ ಮಗುವೇ. ಪ್ರೀತಿ ಹೆಚ್ಚಾದಷ್ಟೂ ಅದರ ಅಪ್ಪುಗೆ ಬಿಗಿ. ಅಪ್ಪಿಕೊಳ್ಳುವುದು ನಮಗೆ ಪ್ರೀತಿ, ನಾಯಿಗೆ ಬಂಧನ. ಹಾಗೆ ಅಪ್ಪಿಸಿಕೊಂಡ ನಾಯಿ ತುಟಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ, ಮುಖ ಅತ್ತ ತಿರುಗಿಸಿ ಓರೆಗಣ್ಣಲ್ಲಿ ಬಿಳಿಗುಡ್ಡೆ ಕಾಣುವಂತೆ ನೋಡುತ್ತದೆ. ಫೋಟೊದಲ್ಲಿ ಮುದ್ದಾಗಿ ಕಾಣುವ ಈ ಭಂಗಿಗಳೆಲ್ಲ "ಸಾಕು, ಬಿಡು" ಎಂಬ ವಿನಂತಿ. ವಿನಂತಿ ಕೇಳಿಸದಿದ್ದರೆ ಮುಂದೆ ಗುರ್ರ್ ಎನ್ನುತ್ತದೆ. ಗುರ್ರೆಂದ ನಾಯಿಗೆ ಹೊಡೆದರೆ ಅದು ಗುರ್ರೆನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ.

ಮಗುವಿಗೆ ಒಂದು ಆಟ ಹೇಳಿಕೊಡಿ. ಬೆಕ್ಕನ್ನೋ ನಾಯಿಯನ್ನೋ ಗಲ್ಲದ ಪಕ್ಕದಲ್ಲಿ ಮೂರು ಎಣಿಸುವವರೆಗೆ ಸವರು, ಕೈ ಹಿಂದಕ್ಕೆ ತೆಗೆ, ಸುಮ್ಮನೆ ಕೂತು ನೋಡು. ಅದಾಗಿಯೇ ಮತ್ತೆ ಒತ್ತಿಕೊಂಡು ಬಂದರೆ ಇನ್ನೂ ಮೂರು. ಎದ್ದು ಹೋದರೆ "ಟಾಟಾ" ಹೇಳು, ಹಿಂದೆ ಓಡಬೇಡ. ತಿನ್ನುವಾಗ, ಮಲಗಿದಾಗ, ಮರಿ ಹಾಕಿದಾಗ ಮುಟ್ಟಕೂಡದು. ಐದು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧು ಪ್ರಾಣಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ. ಗ್ಯಾಸ್ ಆರಿಸಿ ಬರಲು ಅಡುಗೆಮನೆಗೆ ಹೋಗುವ ಎರಡು ನಿಮಿಷವೂ ಇದರಲ್ಲಿ ಸೇರಿತು.

ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಬೆಕ್ಕೇ ವಾಹನ. ಆಕೆಯ ವ್ರತಕಥೆಯಲ್ಲಿ ಮನೆಯ ಕಿರಿಸೊಸೆ ತಾನು ಕದ್ದು ತಿಂದು ಬೆಕ್ಕಿನ ಮೇಲೆ ಹಾಕುತ್ತಾಳೆ. ಬೆಕ್ಕು ಆಕೆಯ ಮಕ್ಕಳನ್ನು ಹೊತ್ತೊಯ್ದು ದೇವಿಗೆ ಒಪ್ಪಿಸುತ್ತದೆ. ಇಂದಿನ ಮನೆಗಳಲ್ಲೂ ಪರಚು ಗಾಯದ ಆಪಾದನೆ ಬೀಳುವುದು ಬೆಕ್ಕಿನ ಮೇಲೆಯೇ. ಪರಚುವ ಮೊದಲು ಏನು ನಡೆಯಿತು ಎಂದು ಮಗುವನ್ನು ಬೈಯದೆ ಕೇಳಿ. ಬೈದರೆ ಮಗು ಮುಂದಿನ ಗಾಯವನ್ನು ಮುಚ್ಚಿಡುತ್ತದೆ, ಅದು ಅಪಾಯ.

ಏಕೆಂದರೆ ನಮ್ಮ ದೇಶದಲ್ಲಿ ರೇಬೀಸ್ ಇದೆ. ನಾಯಿ, ಬೆಕ್ಕು ಕಚ್ಚಿದರೂ ಪರಚಿ ಗಾಯವಾದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ಅದೇ ದಿನ ವೈದ್ಯರ ಬಳಿ ಹೋಗಬೇಕು. ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಹೇಳಿದ ದಿನಗಳಂದು ಒಂದೂ ತಪ್ಪದಂತೆ ಹಾಕಿಸಿ. ಮನೆಯ ನಾಯಿ ಬೆಕ್ಕುಗಳಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಪ್ರಕಾರ. ಕೋಲ್ಕತ್ತದಲ್ಲಿ ಇದಕ್ಕೆ ಹಳೆಯ ಆಸರೆಗಳಿವೆ. ಬೆಲ್ಗಾಛಿಯಾದ ಪಶುವೈದ್ಯ ಕಾಲೇಜು 1893ರಷ್ಟು ಹಿಂದಿನದು. ಪ್ರಾಣಿಹಿಂಸೆ ತಡೆಯಲು ನಗರದಲ್ಲಿ ಸಂಘ ಕಟ್ಟಿದ್ದು 1861ರಲ್ಲಿ.

ಎದ್ದು ಹೋಗಲಾಗದವರು

ಬಾಗ್‌ಬಜಾರಿನ ಗ್ಯಾಲಿಫ್ ಸ್ಟ್ರೀಟ್‌ನಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಸಂತೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಕೋಲ್ಕತ್ತದ ಮನೆಗಳ ರೂಢಿ. ಮೀನು, ಹಕ್ಕಿ, ನಾಯಿಮರಿ, ಹೂಗಿಡ ಎಲ್ಲವೂ ಅಲ್ಲಿವೆ. ನೋಡಿ ಬನ್ನಿ, ಆದರೆ ಮೊದಲ ಭೇಟಿಯಲ್ಲೇ ಏನನ್ನೂ ಕೊಳ್ಳಬೇಡಿ. ಗೂಡಿನ ಹಕ್ಕಿ, ತೊಟ್ಟಿಯ ಮೀನು, ಆಮೆ ಇವಾವುವೂ ಬೇಡವೆನಿಸಿದರೆ ಹೊರಟುಹೋಗಲಾರವು. ಅವುಗಳ ಪರವಾಗಿ ಬಾಗಿಲು ಕಾಯುವವರು ನೀವೇ.

ಹಕ್ಕಿ ಮತ್ತು ಬೆಕ್ಕನ್ನು ಗೆಳೆಯರನ್ನಾಗಿ ಮಾಡುವ ಪ್ರಯತ್ನ ಬೇಡ. ಬೆಕ್ಕಿನ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಗೆ ಮಾರಕ. ಆಟಕ್ಕೆ ಬಾಯಿ ಹಾಕಿ ಬಿಟ್ಟರೂ, ಗಾಯ ಕಾಣದಿದ್ದರೂ, ಹಕ್ಕಿಯನ್ನು ಅಂದೇ ವೈದ್ಯರಿಗೆ ತೋರಿಸಬೇಕು. ನಮ್ಮ ನಾಡಿನ ಹಸಿರು ಗಿಳಿ, ಕಾಡು ಮೈನಾ, ನಕ್ಷತ್ರ ಆಮೆಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. "ನಮ್ಮ ಅಜ್ಜನ ಮನೆಯಲ್ಲಿ ಗಿಳಿ ಇತ್ತಲ್ಲ" ಎಂದರೆ ಕಾನೂನು ಕೇಳುವುದಿಲ್ಲ.

ಪುಟ್ಟ ತಟ್ಟೆಯಷ್ಟಿರುವ ಕೆಂಪು ಕಿವಿಯ ವಿದೇಶಿ ಆಮೆಯೂ ಸಣ್ಣ ಮಕ್ಕಳಿರುವ ಮನೆಗೆ ತಕ್ಕದ್ದಲ್ಲ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರುವುದು ಸಾಮಾನ್ಯ. ಮಕ್ಕಳಿಗೆ ಅದು ತಗಲುತ್ತದೆಂಬ ಕಾರಣಕ್ಕೇ ಅಮೆರಿಕ 1975ರಲ್ಲಿ ನಾಲ್ಕಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆಗೆ ಆಯುಸ್ಸೂ ಹೆಚ್ಚು. ಅಲಿಪುರ ಮೃಗಾಲಯದ ಅದ್ವೈತ ಎಂಬ ದೈತ್ಯ ಆಮೆ ರಾಬರ್ಟ್ ಕ್ಲೈವನ ಕಾಲದ್ದೆಂಬ ಪ್ರತೀತಿ ಹೊತ್ತು 2006ರ ಮಾರ್ಚ್‌ವರೆಗೆ ಬದುಕಿತ್ತು. ಸಾಕುವ ಆಮೆ ಅಷ್ಟು ಬಾಳದಿದ್ದರೂ ಮಗು ಕಾಲೇಜು ಮುಗಿಸಿದ ಮೇಲೂ ಇರುತ್ತದೆ. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಬ್ಯಾಂಕ್ ನೌಕರಿಯ ಮನೆಯವರು ಕೊಳ್ಳುವ ಮುನ್ನ ಈ ಲೆಕ್ಕ ಹಾಕಬೇಕು. ಸಾಕಲಾಗದ ಆಮೆಯನ್ನು ಕೆರೆಗೆ ಬಿಟ್ಟರೆ ಅಲ್ಲಿನ ಸ್ಥಳೀಯ ಆಮೆಗಳ ಊಟಕ್ಕೆ ಕುತ್ತು.

ಗಿಡ 'ಬೇಡ' ಎನ್ನುವ ರೀತಿ

ಮನೆಯಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದ ಜೀವ ಗಿಡ. ಕಚ್ಚಲು ಬಂದವರಿಂದ ಓಡಲಾಗದ್ದಕ್ಕೇ ಅದು ಮುಳ್ಳು, ಕಹಿ, ಅಂಟುಹಾಲು, ವಿಷಗಳನ್ನು ಬೆಳೆಸಿಕೊಂಡಿದೆ. ಹಾಗೆ ನೋಡಿದರೆ 'ವಿಷದ ಗಿಡ' ಎಂದು ಮಗುವನ್ನು ಹೆದರಿಸುವ ಬದಲು, "ಇದು ತಿನ್ನಿಸಿಕೊಳ್ಳಲು ಒಪ್ಪದ ಗಿಡ" ಎಂದು ಹೇಳಿಕೊಡಬಹುದು. ಮಗು ನೆನಪಿಟ್ಟುಕೊಳ್ಳುತ್ತದೆ.

ಮಲೆನಾಡು, ಕರಾವಳಿಯವರಿಗೆ ಪತ್ರೊಡೆ ಗೊತ್ತು. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ, ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅದಕ್ಕೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳು. ನವಪತ್ರಿಕೆಯ ಕೆಸುವಿನ ಕುಟುಂಬಕ್ಕೇ ಸೇರಿದವು ನಮ್ಮ ಬೈಠಕ್‌ಖಾನೆಗಳ ಮನಿಪ್ಲಾಂಟ್, ಡೀಫೆನ್‌ಬೇಕಿಯಾ, ಕಲೇಡಿಯಂ, ಫಿಲೊಡೆಂಡ್ರಾನ್. ಇವುಗಳ ಎಲೆ ಕಡಿದ ನಾಯಿಮರಿಯೂ ಮಗುವೂ ಬಾಯುರಿಯಿಂದ ಜೊಲ್ಲು ಸುರಿಸುತ್ತಾರೆ, ನಾಲಿಗೆ ಊದಬಹುದು. ಜೀವಕ್ಕೆ ಅಪಾಯ ಅಪರೂಪ. ಬಾಯಿ ತೊಳೆಸಿ, ತಣ್ಣನೆಯ ನೀರೋ ಮೊಸರೋ ಕೊಟ್ಟು ವೈದ್ಯರಿಗೆ ಫೋನ್ ಮಾಡಿ. ಉಸಿರಾಟಕ್ಕೆ ತೊಂದರೆ ಕಂಡರೆ ತಡಮಾಡದೆ ಹೊರಡಿ.

ನಿಜವಾಗಿ ಭಯಪಡಬೇಕಾದ ಗಿಡಗಳು ಕೆಲವೇ. ಕಣಗಿಲೆ ಮತ್ತು ಶಿವಪೂಜೆಗೆ ಬಳಸುವ ಹಳದಿ ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತವೆ. ಎಲೆ, ಹೂ, ಬೀಜ ಎಲ್ಲವೂ ಮಕ್ಕಳಿಗೂ ಪ್ರಾಣಿಗಳಿಗೂ ಮಾರಕವಾಗಬಲ್ಲವು. ದತ್ತೂರಿ ಕೂಡ ಹಾಗೇ. ತಾಳೆಯಂತೆ ಕಾಣುವ ಸೈಕಸ್‌ನ ಬೀಜ ತಿಂದ ನಾಯಿಯ ಪಿತ್ತಜನಕಾಂಗ ಹಾಳಾಗುತ್ತದೆ. ಗೌರಿ ಹೂವೆಂದು ಹೆಸರಾದ ಅಗ್ನಿಶಿಖೆಯ ಗೆಡ್ಡೆಯಂತೂ ಕಡು ವಿಷ. ಬೆಕ್ಕಿರುವ ಮನೆಗೆ ಹೂಗುಚ್ಛದ ಲಿಲ್ಲಿ ಬರಲೇಬಾರದು. ಅದರ ಪರಾಗ ಮೈಗೆ ಅಂಟಿ, ಬೆಕ್ಕು ಮೈ ನೆಕ್ಕಿಕೊಂಡರೂ ಮೂತ್ರಪಿಂಡ ವಿಫಲವಾಗುತ್ತದೆ. ಹೂದಾನಿಯ ನೀರು ಕುಡಿದರೂ ಅಷ್ಟೇ. ಲಕ್ಷಣ ಕಾಣುವವರೆಗೆ ಕಾದರೆ ಹೊತ್ತು ಮೀರಿರುತ್ತದೆ. ಬಂಗಾಳದ ಮದುವೆಮನೆಗಳ ರಜನೀಗಂಧ, ಅಂದರೆ ನಮ್ಮ ಸುಗಂಧರಾಜ, ಈ ಲಿಲ್ಲಿಗಳ ಗುಂಪಿನದಲ್ಲ. ಪ್ರಾಣಿ ಏನನ್ನಾದರೂ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಗಿಡದ ಒಂದು ರೆಂಬೆ ಅಥವಾ ಫೋಟೊ ಹಿಡಿದು ವೈದ್ಯರ ಬಳಿ ಹೋಗಿ.

ಆದ್ದರಿಂದ ಹೆಸರು ಗೊತ್ತಿಲ್ಲದ ಗಿಡವನ್ನು ಕೊಳ್ಳದಿರುವುದು ಲೇಸು. ಅಲಿಪುರದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ಗಿಡಗಳ ಹೆಸರು ಬಲ್ಲವರಿದ್ದಾರೆ. 1820ರಲ್ಲಿ ಅದನ್ನು ಸ್ಥಾಪಿಸಿದ ವಿಲಿಯಂ ಕೇರಿಯೇ 1817ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದ್ದ ಎಂಬುದನ್ನು ಗಿಡ ಕೊಳ್ಳಲು ಹೋದಾಗ ಮಕ್ಕಳಿಗೆ ಹೇಳಬಹುದು. ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್, ದಾಸವಾಳ, ಗರಿಕೆ ಇವು ನಾಯಿ ಬೆಕ್ಕುಗಳಿರುವ ಮನೆಗೆ ನಿರಪಾಯ.

ಗಿಡ 'ಬಾ' ಎನ್ನುವ ರೀತಿ

ಬೆಕ್ಕು ಹುಲ್ಲು ತಿನ್ನುವುದು ಸಹಜ. ಒಂದು ಬಟ್ಟಲು ಮಣ್ಣಿನಲ್ಲಿ ಹಿಡಿ ಗೋಧಿ ಬಿತ್ತಿ. ವಾರ ಹತ್ತು ದಿನದಲ್ಲಿ ಬೆಕ್ಕಿಗೆ ತನ್ನದೇ ಮೇವು. ಉಳಿದ ಕುಂಡಗಳ ಮಣ್ಣಿನ ಮೇಲೆ ದಪ್ಪ ಬೆಣಚುಕಲ್ಲು ಹರಡಿದರೆ ಬೆಕ್ಕು ಅವನ್ನು ಪಾಯಿಖಾನೆ ಮಾಡಿಕೊಳ್ಳುವುದು ತಪ್ಪುತ್ತದೆ. ಮಣ್ಣು ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆಯಲಿ. ಮನೆಯಲ್ಲಿ ಬಸುರಿಯಿದ್ದರೆ ಬೆಕ್ಕಿನ ಮರಳ ತಟ್ಟೆಯನ್ನು ಬೇರೆಯವರು, ದಿನವೂ, ಶುಚಿ ಮಾಡಲಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊರಬಿದ್ದ ಒಂದೆರಡು ದಿನದ ಮೇಲಷ್ಟೇ ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ಬೆಕ್ಕನ್ನು ಮನೆಯಿಂದ ಅಟ್ಟಬೇಕಾದ ಅಗತ್ಯವಿಲ್ಲ.

ಖಾಲಿ ಸೈಟುಗಳಲ್ಲಿ ಬೆಳೆಯುವ ಕುಪ್ಪಿಗಿಡವನ್ನು ಕಿತ್ತರೆ ಅದರ ಬೇರಿನ ವಾಸನೆಗೆ ಬೆಕ್ಕುಗಳು ಓಡಿಬಂದು ಹೊರಳಾಡುತ್ತವೆ. ಇಂಥ ಗಿಡಗಳ ಮೋಹಕ್ಕೆ ಒಂದು ಲಾಭದ ಕಾರಣವಿದೆಯೆಂದು ಜಪಾನಿನ ವಿಜ್ಞಾನಿಗಳು 2021ರಲ್ಲಿ ತೋರಿಸಿದರು: ಅಲ್ಲಿನ ಬೆಕ್ಕುಗಳು ಸಿಲ್ವರ್ ವೈನ್ ಎಂಬ ಬಳ್ಳಿಯ ಎಲೆಗೆ ಮುಖ ಉಜ್ಜಿಕೊಂಡಾಗ ಮೈಗೆ ಹತ್ತುವ ರಸ ಸೊಳ್ಳೆಗಳನ್ನು ದೂರವಿಡುತ್ತದೆ.

ಬಾಲ್ಕನಿಯ ಸ್ನೇಹಗಳಲ್ಲಿ ಕೆಲವು ನಮಗೆ ಹಿಡಿಸುವುದಿಲ್ಲ. ದಾಸವಾಳದ ಚಿಗುರಿನಲ್ಲಿ ಕೂತ ಬಿಳಿ ಹಿಟ್ಟಿನಂಥ ತಿಗಣೆಗಳನ್ನು ಇರುವೆಗಳು ಕಾಯುತ್ತವೆ. ಕೂಲಿಯಾಗಿ ಅವುಗಳ ಸಿಹಿ ರಸ ಹೀರುತ್ತವೆ. ಗಿಡ ಸೊರಗುತ್ತದೆ. ನಿಂಬೆ ಗಿಡದ ಎಲೆಯನ್ನು ಬೋಳಿಸುವ ಹುಳು ಕೆಲವೇ ವಾರದಲ್ಲಿ ನಿಂಬೆ ಚಿಟ್ಟೆಯಾಗುತ್ತದೆ. ಉತ್ತರ ಕೋಲ್ಕತ್ತದ ಹಳೆಯ ಮನೆಗಳ ಗೋಡೆಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅಶ್ವತ್ಥ ಚಿಗುರುತ್ತದೆ. ಹಕ್ಕಿಗೂ ಮರಕ್ಕೂ ಇರುವ ಸ್ನೇಹಕ್ಕೆ ಗೋಡೆ ಬೆಲೆ ತೆರುತ್ತದೆ. ಯಾವ ಸ್ನೇಹವನ್ನು ಬಿಡಬೇಕು, ಯಾವುದನ್ನು ಬಿಡಿಸಬೇಕು ಎಂದು ಮಗುವಿನ ಜೊತೆ ಕೂತು ತೀರ್ಮಾನಿಸಿ. ಒಂದು ರೆಂಬೆ ನಿಂಬೆಯನ್ನು ಹುಳುವಿಗೆ ಬಿಟ್ಟುಕೊಟ್ಟರೆ ಚಿಟ್ಟೆ ಹುಟ್ಟುವುದನ್ನು ಮನೆಯಲ್ಲೇ ನೋಡಬಹುದು.

ಮಕ್ಕಳಿಗೆ ತೋರಿಸಲು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೀನು ಮತ್ತು ನೀರುಗಿಡದ ಜೋಡಿ. ಅಗಲ ಬಾಯಿಯ ತೊಟ್ಟಿಯಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನೀರು, ತಳದಲ್ಲಿ ಮರಳು, ಒಂದೆರಡು ನೀರುಗಿಡ, ಕೆಲವು ವಾರ ಬಿಟ್ಟು ಮೂರು ನಾಲ್ಕು ಗಪ್ಪಿ ಮೀನು. ಮೀನಿನ ಕಸದಿಂದ ಅಮೋನಿಯಾ ಬರುತ್ತದೆ; ಮರಳಿನಲ್ಲಿ ನೆಲೆಸುವ 'ಒಳ್ಳೆಯ' ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ; ಗಿಡ ಅದನ್ನುಂಡು ಬೆಳೆಯುತ್ತದೆ. ಬ್ಯಾಕ್ಟೀರಿಯಾ ನೆಲೆಸಲು ಬಿಡದೆ ಮೊದಲ ದಿನವೇ ಹತ್ತಾರು ಮೀನು ಸುರಿಯುವುದರಿಂದಲೇ ಹೊಸ ತೊಟ್ಟಿಗಳಲ್ಲಿ ಮೀನುಗಳು ಸಾಯುವುದು. ಸೊಳ್ಳೆಮರಿಗಳನ್ನು ಗಪ್ಪಿ ತಿನ್ನುತ್ತದೆ. ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ಗಪ್ಪಿ ಇರುವುದಿಲ್ಲ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ ಹತ್ತು ದಿನ ಸಾಕಾದ್ದರಿಂದ ಆ ನೀರನ್ನು ವಾರಕ್ಕೊಮ್ಮೆ ಚೆಲ್ಲಲೇಬೇಕು.

ಮೀನು, ಗಿಡಗಳ ಆ ತೊಟ್ಟಿಯ ಕೆಲಸವನ್ನು ಕೋಲ್ಕತ್ತ ನಗರವೇ ದೊಡ್ಡದಾಗಿ ಮಾಡುತ್ತಿದೆ. ನಗರದ ಪೂರ್ವಕ್ಕಿರುವ 12,500 ಹೆಕ್ಟೇರುಗಳ ಜೌಗುಪ್ರದೇಶ 2002ರಿಂದ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿದೆ. ಊರಿನ ಕೊಳಚೆನೀರು 'ಭೇರಿ' ಎಂಬ ಆಳವಿಲ್ಲದ ಕೊಳಗಳಿಗೆ ಹರಿಯುತ್ತದೆ. ಬಿಸಿಲಿಗೆ ಪಾಚಿ ಬೆಳೆದು ನೀರನ್ನು ತಿಳಿಗೊಳಿಸುತ್ತದೆ. ಪಾಚಿ ತಿಂದು ಮೀನು ಬೆಳೆಯುತ್ತದೆ. ಹೊರಬಂದ ನೀರು ಗದ್ದೆ, ತರಕಾರಿ ಹೊಲಗಳಿಗೆ. ಮೀನುಗಾರರ ಈ ಜಾಣ್ಮೆಯನ್ನು ಜಗತ್ತಿಗೆ ತಿಳಿಸಿದವರು ಪರಿಸರ ತಜ್ಞ ಧ್ರುಬಜ್ಯೋತಿ ಘೋಷ್. ತೊಟ್ಟಿ ನೋಡಿದ ಮಗುವಿಗೆ ಒಂದು ಚಳಿಗಾಲದ ಬೆಳಿಗ್ಗೆ ಈ ಭೇರಿಗಳನ್ನೂ ತೋರಿಸಿ.

"ಗಿಡಕ್ಕೂ ನೋವಾಗುತ್ತಾ?"

ಈ ಪ್ರಶ್ನೆ ಬಂದೇ ಬರುತ್ತದೆ. ಕೋಲ್ಕತ್ತದಲ್ಲಿದ್ದರೆ ಅದಕ್ಕೆ ತಕ್ಕ ಊರಿನಲ್ಲೇ ನೀವಿದ್ದೀರಿ. ಜಗದೀಶಚಂದ್ರ ಬೋಸ್ 1917ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಸಂಶೋಧನಾ ಮಂದಿರ ಇಂದಿಗೂ ಇದೆ. ಮುಟ್ಟಿದರೆ ಮುನಿ ಗಿಡದ ಎಲೆ ಮಡಚಿಕೊಳ್ಳುವಾಗ ಅದರೊಳಗೆ ವಿದ್ಯುತ್ ಸಂದೇಶ ಹರಿಯುತ್ತದೆಂದು ಅವರು ತಮ್ಮದೇ ಉಪಕರಣಗಳಿಂದ ತೋರಿಸಿದರು. ಗಿಡಕ್ಕೆ ನಮ್ಮಂತೆ ಮಿದುಳು, ನರಗಳಿಲ್ಲ. ಆದ್ದರಿಂದ ನಮ್ಮಂಥದೇ ನೋವು ಎನ್ನಲು ಆಧಾರವಿಲ್ಲ. ಆದರೆ ಅದಕ್ಕೆ ಮುಟ್ಟಿದ್ದು ತಿಳಿಯುತ್ತದೆ. "ನೋವು ಅಂತ ಹೇಳಕ್ಕಾಗಲ್ಲ ಪುಟ್ಟಾ, ಆದ್ರೆ ನೀನು ಮುಟ್ಟಿದ್ದು ಅದಕ್ಕೆ ಗೊತ್ತಾಗುತ್ತೆ" ಎಂಬಷ್ಟು ಉತ್ತರ ಸಾಕು. ಎಲೆ ಮಡಚಿದಷ್ಟು ಹೊತ್ತು ಗಿಡಕ್ಕೆ ಬಿಸಿಲಿನ ಊಟ ಕಡಿಮೆ. ಹಾಗಾಗಿ ಅದನ್ನು ದಿನವಿಡೀ ಮುಟ್ಟುವುದು ಬೇಡ ಎಂಬುದಕ್ಕೂ ಅದರಲ್ಲೇ ಕಾರಣ ಸಿಕ್ಕಿತು.

ಕೆಲವು ಮಕ್ಕಳಿಗೆ ಗಿಡದ ಮೇಲಿನ ಮೋಹ ಅತಿ ಎನ್ನಿಸುವಷ್ಟಿರುತ್ತದೆ. ರವೀಂದ್ರನಾಥ ಠಾಕೂರರ 'ಬಲಾಯಿ' ಕಥೆಯ ಹುಡುಗ ಅಂಥವನು. ತೋಟದ ದಾರಿ ಮಧ್ಯೆ ಹುಟ್ಟಿದ ಬೂರುಗದ ಸಸಿಯನ್ನು ಕೀಳದಂತೆ ಚಿಕ್ಕಮ್ಮನನ್ನು ಬೇಡಿಕೊಂಡು ಉಳಿಸುತ್ತಾನೆ. ದೂರದ ಊರಿಗೆ ಓದಲು ಹೋದ ಮೇಲೆ ಆ ಮರದ ಫೋಟೊ ಕಳಿಸಿ ಎಂದು ಬರೆಯುತ್ತಾನೆ. ಅಷ್ಟರಲ್ಲಿ ಚಿಕ್ಕಪ್ಪ ಅದನ್ನು ಕಡಿಸಿಬಿಟ್ಟಿರುತ್ತಾನೆ. ಮಗುವಿಗೆ ಹೇಳದೆ ಅದರ ಗಿಡ ಕೀಳುವುದು, ಶಾಲೆಗೆ ಹೋದಾಗ ನಾಯಿಯನ್ನು ಯಾರಿಗೋ ಕೊಟ್ಟುಬಿಡುವುದು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಕೊಡಲೇಬೇಕಾದ ಪರಿಸ್ಥಿತಿಯಿದ್ದರೆ ಮೊದಲೇ ಹೇಳಿ, ಕೊನೆಯ ಭೇಟಿಗೆ ಅವಕಾಶ ಕೊಡಿ. ಸತ್ತ ಪ್ರಾಣಿ "ಊರಿಗೆ ಹೋಗಿದೆ" ಎನ್ನಬೇಡಿ. ಸತ್ತಿತು ಎಂದೇ ಹೇಳಿ. ಉಳಿದ ಜೊತೆಗಾರ ಪ್ರಾಣಿ ಕೆಲವು ದಿನ ಊಟ ಬಿಟ್ಟು ಹುಡುಕಾಡಬಹುದು. ಅದರ ಪಕ್ಕದಲ್ಲಿ ಕೂರುವ ಕೆಲಸ ಮಗುವಿಗೆ ಕೊಡಿ. ಕೂಡಲೇ ಬದಲಿ ಪ್ರಾಣಿ ತರಬೇಡಿ. ಬೆಕ್ಕು ಒಂದೂವರೆ ಎರಡು ದಿನ ಏನೂ ತಿನ್ನದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

2004ರ ಸುನಾಮಿಯಲ್ಲಿ ಹಿಂಡಿನಿಂದ ಬೇರ್ಪಟ್ಟ ಓವೆನ್ ಎಂಬ ನೀರುಕುದುರೆ ಮರಿ ಕೀನ್ಯಾದ ಉದ್ಯಾನವೊಂದರಲ್ಲಿ, ಅದ್ವೈತನದೇ ಜಾತಿಯ ಮ್ಜೀ ಎಂಬ ಮುದಿ ಆಮೆಯ ಬೆನ್ನಿಗೆ ಅಂಟಿಕೊಂಡು ಬೆಳೆಯಿತು. ಜಗತ್ತು ಮರುಳಾದ ಕಥೆ ಅದು. ಮೊದಮೊದಲು ಆಮೆ ದೂರ ಸರಿಯುತ್ತಿತ್ತು; ಆ ಉದ್ಯಾನದಲ್ಲಿ ಸರಿಯಲು ಜಾಗವಿತ್ತು. ಮರಿ ಬಲಿತು ಆಮೆಗೆ ಅಪಾಯವಾಗುವ ಹಂತಕ್ಕೆ ಬಂದಾಗ ಪಾಲಕರು ಅದಕ್ಕೆ ಇನ್ನೊಂದು ನೀರುಕುದುರೆಯ ಜೊತೆ ಒದಗಿಸಿದರು. ಸ್ನೇಹವನ್ನು ನೋಡಿ ಹಿಗ್ಗುವುದರ ಜೊತೆಗೆ ಅದನ್ನು ನಿಲ್ಲಿಸಬೇಕಾದ ಹೊತ್ತನ್ನು ಗುರುತಿಸುವುದೂ ಸಾಕುವವರ ಕೆಲಸ.

ಈ ವಾರ ಮಾಡಿ ನೋಡಿ

ಮಗುವಿನ ಜೊತೆ ಮನೆಯನ್ನೊಮ್ಮೆ ಸುತ್ತಿ. ಪ್ರತಿಯೊಂದು ಪ್ರಾಣಿ, ಗಿಡದ ಮುಂದೆ ನಿಂತು, "ಇದಕ್ಕೆ ಸಾಕು ಅನ್ನಿಸಿದ್ರೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿ. ಬೆಕ್ಕಿಗೆ ಬೀರುವಿನ ಮೇಲೆ, ನಾಯಿಗೆ ಮಂಚದ ಕೆಳಗಿನ ಹಾಸಿಗೆ, ಮೀನಿಗೆ ಗಿಡದ ಮರೆ. ಉತ್ತರ ಸಿಗದ ಕಡೆ ಏನಾದರೊಂದು ವ್ಯವಸ್ಥೆ ಮಾಡಿ. ನಾಲ್ಕು ವರ್ಷದವರು ನೀರಿನ ಬಟ್ಟಲು ತುಂಬಲಿ, ಎಂಟು ವರ್ಷದವರು ಕುಂಡದ ತಟ್ಟೆಗಳ ನೀರು ಚೆಲ್ಲಲಿ, ಹನ್ನೆರಡು ದಾಟಿದವರು ಲಸಿಕೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಹೊಣೆ ಮಾತ್ರ ನಿಮ್ಮದೇ. ಮಗು ಮರೆತರೂ ಬೆಕ್ಕು ಉಪವಾಸ ಬೀಳಬಾರದು.

ಹೀಗೆ ಕಲಿತ ಮಗು ಒಂದಲ್ಲ ಒಂದು ದಿನ ಅದೇ ಅಳತೆಗೋಲನ್ನು ತನಗೂ ಹಿಡಿಯುತ್ತದೆ. ಊರಿನಿಂದ ಬಂದ ನೆಂಟರು ಕೆನ್ನೆ ಹಿಂಡಿ ಮಡಿಲಿಗೆ ಎಳೆದುಕೊಂಡಾಗ ಮೆಲ್ಲಗೆ ಜಾರಿಕೊಂಡು ಒಳಕೋಣೆಗೆ ಹೋಗುತ್ತದೆ. ಆಗ "ದೊಡ್ಡವರ ಹತ್ತಿರ ಹೀಗಾ ಮಾಡೋದು?" ಎಂದು ಎಳೆತಂದು ಕೂರಿಸಬೇಡಿ. ಬೆಕ್ಕಿಗೆ ಕೊಟ್ಟ ದಾರಿಯನ್ನು ಮಗುವಿಗೂ ಕೊಡಿ.